ಗ್ರಾಫಿಕ್ಸ್ ಅಳೆಯುವ ಮೊದಲು ರ‍್ಯಾಮ್ ನೋಡಬೇಕು

ಕಾಲೇಜು ಓದುವ ಮಕ್ಕಳಿಗಾಗಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಗಳಿಗೆ ಬರುವ ಲ್ಯಾಪ್‌ಟಾಪ್ ಹಗಲು ಪಾಠಕ್ಕೂ ಸಂಜೆ ಆಟಕ್ಕೂ ಬಳಕೆಯಾಗುತ್ತದೆ. ಆದರೆ ಪ್ರೊಸೆಸರ್ ಯಾವುದು, ಎಸ್‌ಎಸ್‌ಡಿ ಎಷ್ಟು ಎಂದು ವಿಚಾರಿಸುವವರೂ ಗ್ರಾಫಿಕ್ಸ್ ವಿಷಯದಲ್ಲಿ ಸ್ಟಿಕ್ಕರನ್ನೇ ನಂಬಿಬಿಡುತ್ತಾರೆ. ಆಟದ ದೃಶ್ಯಗಳನ್ನು ರಚಿಸಿ ಪರದೆಗೆ ಕಳುಹಿಸುವ ಭಾಗಕ್ಕೆ ಜಿಪಿಯು ಎನ್ನುತ್ತಾರೆ. ಅದು ಪ್ರೊಸೆಸರ್‌ನೊಳಗೇ ಅಡಕವಾಗಿದ್ದರೆ ಇಂಟಿಗ್ರೇಟೆಡ್, ಪ್ರತ್ಯೇಕ ಚಿಪ್ ಆಗಿದ್ದು ಸ್ವಂತ ಮೆಮೊರಿ ಹೊಂದಿದ್ದರೆ ಡೆಡಿಕೇಟೆಡ್. ವ್ಯಾಲರಂಟ್, ಮೈನ್‌ಕ್ರಾಫ್ಟ್, ಜಿಟಿಎ 5ರಂಥ ಆಟಗಳನ್ನು ಬಿಡುವಿನ ವೇಳೆಯಲ್ಲಷ್ಟೇ ಆಡುವವರಿಗೆ ಈಚಿನ ವರ್ಷಗಳ ಒಳ್ಳೆಯ ಇಂಟಿಗ್ರೇಟೆಡ್ ಜಿಪಿಯು, ಸೆಟ್ಟಿಂಗ್ ತಗ್ಗಿಸಿಕೊಂಡರೆ, ಸಾಕು. ಅದಕ್ಕಾಗಿ ಸಾಲ ಮಾಡಿ ಗೇಮಿಂಗ್ ಲ್ಯಾಪ್‌ಟಾಪ್ ತರುವ ಅಗತ್ಯವಿಲ್ಲ.

ಜಿಪಿಯು ಹೇಗಿದೆ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅದಕ್ಕೆ ಮೊದಲು ವಿಂಡೋಸ್ ಅಪ್‌ಡೇಟ್ ಮತ್ತು ಗ್ರಾಫಿಕ್ಸ್ ಡ್ರೈವರ್‌ಗಳನ್ನು ಹಾಕಿ ಮುಗಿಸಿ, ಚಾರ್ಜರ್ ಜೋಡಿಸಿಕೊಳ್ಳಬೇಕು. ಬ್ಯಾಟರಿಯ ಮೇಲೆ ನಡೆಯುವಾಗ ಬಹುತೇಕ ಲ್ಯಾಪ್‌ಟಾಪ್‌ಗಳು ವೇಗ ತಗ್ಗಿಸಿಕೊಳ್ಳುವುದರಿಂದ, ಕರೆಂಟ್ ಹೋದ ಹೊತ್ತಿನಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಜಿಪಿಯುವಿನ ಹೆಸರನ್ನು ಓದಿಕೊಳ್ಳಬೇಕು. ಅಲ್ಲಿಯೇ ಕಾಣುವ ಶೇರ್ಡ್ ಮೆಮೊರಿ ಎಂಬುದು ಜಿಪಿಯು ಬೇಕಾದಾಗ ರ‍್ಯಾಮ್‌ನಿಂದ ಎರವಲು ಪಡೆಯಬಹುದಾದ ಪಾಲು. 16 ಜಿಬಿ ರ‍್ಯಾಮ್ ಇರುವಲ್ಲಿ ಅದು ಸುಮಾರು 8 ಜಿಬಿ ಎಂದು ಕಾಣುತ್ತದೆ, ಆ ಅಂಕಿಯನ್ನೇ ತೋರಿಸಿ 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದೆ ಎಂದು ಯಾರಾದರೂ ಹೇಳಿದರೆ ಒಪ್ಪಬಾರದು.

ಇನ್ನು ಅತಿ ಹೆಚ್ಚು ಜನ ಎಡವುವ ಜಾಗ. ಇಂಟಿಗ್ರೇಟೆಡ್ ಜಿಪಿಯುವಿಗೆ ಸ್ವಂತ ಮೆಮೊರಿ ಇಲ್ಲದ ಕಾರಣ ಅದು ಪ್ರತಿಯೊಂದು ದೃಶ್ಯಕ್ಕೂ ರ‍್ಯಾಮ್‌ನ ಕಡೆಗೇ ಕೈಚಾಚಬೇಕಾಗುತ್ತದೆ, ಮತ್ತು ರ‍್ಯಾಮ್ ಎಷ್ಟು ಜಿಬಿ ಎಂಬುದರಷ್ಟೇ ಅದು ಎಷ್ಟು ದಾರಿಗಳಲ್ಲಿ ಜೋಡಣೆಯಾಗಿದೆ ಎಂಬುದೂ ಮುಖ್ಯವಾಗುತ್ತದೆ. ಡಿಡಿಆರ್4-3200 ರ‍್ಯಾಮ್ ಒಂದೇ ಸ್ಟಿಕ್ ಇದ್ದಾಗ, ಅಂದರೆ ಸಿಂಗಲ್ ಚಾನೆಲ್‌ನಲ್ಲಿ, ಸೆಕೆಂಡಿಗೆ ಗರಿಷ್ಠ 25.6 ಜಿಬಿ ಮಾಹಿತಿ ಸಾಗಿಸಿದರೆ, ಸಮನಾದ ಎರಡು ಸ್ಟಿಕ್‌ಗಳ ಡ್ಯುಯಲ್ ಚಾನೆಲ್‌ನಲ್ಲಿ 51.2 ಜಿಬಿ ಸಾಗಿಸುತ್ತದೆ. ಹೊಸದುರ್ಗದ ತೆಂಗಿನ ತೋಟದಲ್ಲಿ ಮೋಟರ್ ಎಷ್ಟು ಎಚ್‌ಪಿಯದಾದರೂ ಪೈಪು ಸಣ್ಣದಾದರೆ ನೀರು ಅಷ್ಟರಲ್ಲೇ ಇರುವಂತೆ, ಒಂದೇ ಸ್ಟಿಕ್ ಇರುವ ಲ್ಯಾಪ್‌ಟಾಪ್‌ನಲ್ಲಿ ಜಿಪಿಯುವಿನ ಶಕ್ತಿ ಹೊರಗೇ ಬರುವುದಿಲ್ಲ. ಇಂಟೆಲ್ ಕಂಪನಿಯೇ ಇದನ್ನು ಹೆಸರಿನಲ್ಲಿ ಒಪ್ಪಿಕೊಂಡಿದೆ: ಐರಿಸ್ ಎಕ್ಸ್‌ಇ ಇರುವ ಪ್ರೊಸೆಸರ್‌ಗೆ ಸಿಂಗಲ್ ಚಾನೆಲ್ ರ‍್ಯಾಮ್ ಜೋಡಿಸಿದರೆ ವಿಂಡೋಸ್‌ನಲ್ಲಿ ಅದರ ಹೆಸರು ಬರೀ ಯುಎಚ್‌ಡಿ ಗ್ರಾಫಿಕ್ಸ್ ಎಂದು ಕಾಣುತ್ತದೆ. ಸ್ಟಿಕ್ಕರ್‌ನಲ್ಲಿ ಒಂದು, ಪರದೆಯಲ್ಲಿ ಇನ್ನೊಂದು ಕಂಡಾಗ ಲ್ಯಾಪ್‌ಟಾಪ್ ನಕಲಿ ಎಂದು ಜಗಳಕ್ಕೆ ನಿಲ್ಲುವ ಬದಲು ರ‍್ಯಾಮ್ ನೋಡಬೇಕು. ಎಎಂಡಿ ರೈಜನ್ ಪ್ರೊಸೆಸರ್‌ಗಳಲ್ಲಿ ಇಂಥ ಸುಳಿವೂ ಸಿಗುವುದಿಲ್ಲ. ಆದ್ದರಿಂದ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಲಾಟ್‌ಗಳ ಸಾಲನ್ನು ಓದಿ, ಎರಡರಲ್ಲಿ ಒಂದೇ ಬಳಕೆಯಲ್ಲಿದೆ ಎಂದಿದ್ದರೆ, ಈಗಿರುವಷ್ಟೇ ಗಾತ್ರದ, ಅದೇ ಬಗೆಯ ಇನ್ನೊಂದು ಸ್ಟಿಕ್ ಹಾಕಿಸಬೇಕು. ವಾರಂಟಿಗೆ ಧಕ್ಕೆಯಾಗದೆಂದು ಮೊದಲೇ ಕೇಳಿ ಖಚಿತಪಡಿಸಿಕೊಂಡು, ಸಾಧ್ಯವಾದರೆ ಅಂಗಡಿಯವರ ಕೈಯಲ್ಲೇ ಈ ಕೆಲಸ ಮಾಡಿಸುವುದು ಲೇಸು. ಬೋರ್ಡಿಗೇ ಬೆಸುಗೆಯಾದ ರ‍್ಯಾಮ್ ಇರುವ ಮಾದರಿಗಳಲ್ಲಿ ಮುಂದೆ ಏನನ್ನೂ ಸೇರಿಸಲು ಬಾರದಿರಬಹುದಾದ್ದರಿಂದ ಅವುಗಳನ್ನು ಕೊಳ್ಳುವಾಗಲೇ 16 ಜಿಬಿಯದನ್ನು ಆರಿಸಬೇಕು.

ಮುಂದಿನದು ಆಟದ ಪರೀಕ್ಷೆ. ಸೆಕೆಂಡಿಗೆ ಎಷ್ಟು ಚಿತ್ರಗಳು ಪರದೆಗೆ ಬರುತ್ತವೆ ಎಂಬುದೇ ಎಫ್‌ಪಿಎಸ್. 60 ಇದ್ದರೆ ಆಟ ನಯವಾಗಿ ಸಾಗುತ್ತದೆ, 30ಕ್ಕಿಂತ ಕೆಳಗಿಳಿದರೆ ಚಿತ್ರ ತಡವರಿಸುವುದು ಗೊತ್ತಾಗುತ್ತದೆ. ವಿಂಡೋಸ್ ಕೀಲಿಯೊಂದಿಗೆ ಜಿ ಒತ್ತಿದಾಗ ತೆರೆಯುವ ಗೇಮ್ ಬಾರ್‌ನಲ್ಲಿ ಈ ಅಂಕಿಯನ್ನು ನೋಡಬಹುದು. ರೆಸಲ್ಯೂಷನ್ 1920×1080 ಇಟ್ಟು, ಗುಣಮಟ್ಟವನ್ನು ಲೋ ಅಥವಾ ಮೀಡಿಯಂಗೆ ತಂದು, ಕನಿಷ್ಠ ಅರ್ಧ ಗಂಟೆ ಆಡಿ ಆರಂಭದ ಅಂಕಿಯನ್ನೂ ಕೊನೆಯ ಅಂಕಿಯನ್ನೂ ಬರೆದುಕೊಳ್ಳಬೇಕು. ಎ.ಸಿ. ಅಂಗಡಿಯಲ್ಲಿ ಐದು ನಿಮಿಷ ಚೆನ್ನಾಗಿ ಓಡಿದ ಆಟ ಹಿರಿಯೂರಿನ ಏಪ್ರಿಲ್ ಮಧ್ಯಾಹ್ನ, ಶೀಟಿನ ಮನೆಯಲ್ಲಿ ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್‌ನಲ್ಲಿ ಹಾಗೆಯೇ ಓಡುವುದಿಲ್ಲ. ಕೆಳಗಿನ ಗಾಳಿಕಂಡಿ ಮುಚ್ಚಿ ಬಿಸಿಯೇರಿದಾಗ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಹೀಗಾಗಿ ಗಟ್ಟಿ ಮೇಜಿನ ಮೇಲಿಟ್ಟು, ಮನೆಯಲ್ಲಿ ನಿಜವಾಗಿ ಆಡುವ ಕೋಣೆಯಲ್ಲೇ ಅಳೆಯುವುದು ಸರಿ.

ಡೆಡಿಕೇಟೆಡ್ ಜಿಪಿಯು ಕೊಳ್ಳುವವರು ವ್ಯಾಟ್ ಮಿತಿಯನ್ನೂ ಕೇಳಬೇಕು: ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಬೇರೆ ಬೇರೆ ಮಿತಿಗಳಲ್ಲಿ ಬರುತ್ತದೆ. ಆಟವು ಆ ಚಿಪ್ಪನ್ನೇ ಬಳಸುತ್ತಿದೆಯೇ ಎಂಬುದನ್ನು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ನೋಡಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ತರಿಸಿದವರು ಈ ಎಲ್ಲ ಪರೀಕ್ಷೆಗಳನ್ನೂ ಮರಳಿಸುವ ಅವಧಿ ಮುಗಿಯುವ ಮೊದಲೇ ಮಾಡಿ ಮುಗಿಸಬೇಕು, ಅಲ್ಲಿಯವರೆಗೆ ಪೆಟ್ಟಿಗೆಯನ್ನೂ ಬಿಲ್ಲನ್ನೂ ಎಸೆಯಬಾರದು.