ಡಿ.ಜೆ. ಕೆಲಸಕ್ಕೂ ಶ್ರುತಿ ಬೇಕು

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ, ಹಗಲೆಲ್ಲ ಕಚೇರಿಯಲ್ಲಿ ದುಡಿದು ಲಗ್ನದ ದಿನಗಳಲ್ಲೂ ಗಣೇಶೋತ್ಸವ, ನವರಾತ್ರಿಗಳಲ್ಲೂ ಡಿ.ಜೆ. ಕೆಲಸದಿಂದ ನಾಲ್ಕು ಕಾಸು ಸಂಪಾದಿಸುವವರು ಕೆಲವರಿದ್ದಾರೆ. ಭಜನಾ ಮಂಡಳಿಯ ಹಿರಿಯರು ಅದನ್ನು ಬರಿಯ ಗದ್ದಲವೆಂದು ತಳ್ಳಿಹಾಕುವುದುಂಟು. ತರುಣರಾದರೋ, ತಾಳ ಕೂಡಿದರೆ ಸಾಕು, ಉಳಿದುದನ್ನು ಯಂತ್ರ ನೋಡಿಕೊಳ್ಳುತ್ತದೆ ಎನ್ನುತ್ತಾರೆ. ಎರಡು ಮಾತೂ ನಮಗೆ ಒಪ್ಪಿಗೆಯಿಲ್ಲ.

ಒಂದು ಹಾಡು ಮುಗಿಯುವ ಮುನ್ನವೇ ಇನ್ನೊಂದನ್ನು ಅದರೊಳಗೆ ಬೆರೆಸುವುದು ಈ ಕೆಲಸದ ಜೀವಾಳ. ಹಾಗೆ ಬೆರೆಯುವ ಅರ್ಧ ನಿಮಿಷ ಎರಡು ಹಾಡುಗಳೂ ಒಟ್ಟಿಗೆ ಕೇಳಿಸುತ್ತವೆ. ಆಗ ಲಯದೊಡನೆ ಶ್ರುತಿಯೂ ಕೂಡದಿದ್ದರೆ ಕುಣಿಯುವವರ ಉತ್ಸಾಹ ಇಳಿಯುತ್ತದೆ. ಕಾರಣವೇನೆಂದು ಅವರಿಗೇ ಹೇಳಲು ಬಾರದು. ಮುಂದಿನ ಲಗ್ನಕ್ಕೆ ಕರೆ ಬಾರದಿದ್ದಾಗ ಡಿ.ಜೆ.ಗೂ ಕಾರಣ ತಿಳಿಯದು.

ಹಾರ್ಮೋನಿಯಂ ಮುಂದೆ ಕುಳಿತು ಬಿಳಿ ಒಂದನ್ನೂ ಅದರ ಪಕ್ಕದ ಕಪ್ಪು ಒಂದನ್ನೂ ಕೂಡಿಯೇ ಒತ್ತಿ ನೋಡಿರಿ. ಮೊದಲನೆಯದು ಸೆಕೆಂಡಿಗೆ ಸುಮಾರು 262 ಕಂಪನಗಳದು, ಎರಡನೆಯದು 277. ಇವೆರಡರ ತಿಕ್ಕಾಟದಿಂದ ನಾದವು ಸೆಕೆಂಡಿಗೆ ಹದಿನೈದು ಬಾರಿ ಏರಿಳಿದು, ಕಿವಿಯ ಬಳಿ ಗರಗಸ ಎಳೆದಂತಾಗುತ್ತದೆ. ಅದೇ ಬಿಳಿ ಒಂದರೊಡನೆ ಬಿಳಿ ಐದನ್ನು ಒತ್ತಿದರೆ 262ಕ್ಕೆ 392, ಅಂದರೆ ಎರಡಕ್ಕೆ ಮೂರರ ಪ್ರಮಾಣ. ಷಡ್ಜ ಪಂಚಮ ಭಾವವೆಂಬುದು ಇದೇ.

ಇನ್ನು ವೇಗದ ಲೆಕ್ಕ. ರೆಕಾರ್ಡು ತಟ್ಟೆಯನ್ನು ಬೇಗ ತಿರುಗಿಸಿದರೆ ದನಿಯೂ ಏರುತ್ತದೆ. ನೂರಕ್ಕೆ ಸುಮಾರು ಆರರಷ್ಟು ವೇಗ ಏರಿಸಿದರೆ ಶ್ರುತಿ ಒಂದು ಮನೆ ಮೇಲಕ್ಕೆ ಹೋಗುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಹಾಡನ್ನು 127ಕ್ಕೆ ತಂದರೆ, ಬಿಳಿ ಒಂದರ ಹಾಡು ಹೆಚ್ಚುಕಡಿಮೆ ಕಪ್ಪು ಒಂದಕ್ಕೆ ಏರಿತು. ಬರುವ ಹಾಡು ಬಿಳಿ ಒಂದರಲ್ಲೇ ಇದ್ದರೆ ತಾಳ ಕೂಡಿಸಲು ಹೋಗಿ ಶ್ರುತಿ ಕೆಡಿಸಿದಂತೆ. ಈಗಿನ ಯಂತ್ರಗಳಲ್ಲಿರುವ ‘ಕೀ ಲಾಕ್’ ಎಂಬ ಗುಂಡಿಯು ವೇಗ ಬದಲಾದರೂ ಶ್ರುತಿಯನ್ನು ಹಿಡಿದಿಡುತ್ತದೆ. ಅತಿಯಾಗಿ ಎಳೆದರೆ ಗಾಯಕರ ಕಂಠ ಹರಿದಂತೆ ಕೇಳುವುದರಿಂದ ಅದನ್ನೂ ಮಿತವಾಗಿಯೇ ಬಳಸತಕ್ಕದ್ದು.

ಯಾವ ಹಾಡಿಗೆ ಯಾವುದು ಕೂಡುತ್ತದೆಂದು ತಿಳಿಯಲು ಡಿ.ಜೆ.ಗಳು ಕ್ಯಾಮೆಲಾಟ್ ಚಕ್ರವೆಂಬ ಗಡಿಯಾರದಂಥ ಪಟವನ್ನು ಬಳಸುತ್ತಾರೆ. ಅದರಲ್ಲಿ ಹನ್ನೆರಡು ಅಂಕೆಗಳು. ಮೇಜರ್‌ಗೆ ‘ಬಿ’, ಮೈನರ್‌ಗೆ ‘ಎ’. ಬಿಳಿ ಒಂದರ ಮೇಜರ್ 8ಬಿ. ನಮ್ಮ ಭಾಷೆಯಲ್ಲಿ ಶಂಕರಾಭರಣ, ಹಿಂದುಸ್ತಾನಿಯವರ ಬಿಲಾವಲ್. ಅದರ ಪಂಚಮವನ್ನು ಷಡ್ಜ ಮಾಡಿಕೊಂಡರೆ 9ಬಿ, ಮಧ್ಯಮವನ್ನು ಮಾಡಿಕೊಂಡರೆ 7ಬಿ. ಈ ನೆರೆಮನೆಗಳಿಗೆ ಏಳರಲ್ಲಿ ಆರು ಸ್ವರ ಸಮಾನ. ಧೈವತದಿಂದ ಹೊರಟರೆ ಅವೇ ಏಳು ಸ್ವರಗಳಲ್ಲಿ ನಠಭೈರವಿ, ಅಂದರೆ 8ಎ. ಗ್ರಹಭೇದ ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹಿರಿಯರು ಗದ್ದಲವೆಂದದ್ದರೊಳಗೆ ಅವರದೇ ವಿದ್ಯೆ ಕುಳಿತಿದೆ.

ಆದರೆ ರಾಗಗಳ ರೀಮಿಕ್ಸಿಗೆ ಚಕ್ರ ಸಾಲದು. ಮುಂಬಯಿಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ಜಪಾನಿನ ರೋಲೆಂಡ್ ಯಂತ್ರಗಳಿಂದ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ನುಡಿಸಿ ಒಂದು ರೆಕಾರ್ಡು ಹೊರಡಿಸಿದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಮುದ್ರಣಗೊಂಡ ಮೇಲೆ ಯೂರೋಪಿನವರು ಬೆರಗಾದರು. 2015ರಲ್ಲಿ ಸಿಂಗ್ ತೀರಿಕೊಂಡರು. ಅದರಲ್ಲಿ ಭೂಪಾಲಿಯೂ ಉಂಟು, ಮಾಲಕೌಂಸವೂ ಉಂಟು. ಈ ಎರಡು ರಾಗಗಳನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳೋಣ.

ಬಿಳಿ ಒಂದನ್ನು ಷಡ್ಜ ಮಾಡಿಕೊಂಡು ಭೂಪಾಲಿ, ಅಂದರೆ ನಮ್ಮ ಮೋಹನ, ನುಡಿಸಿರಿ: ಬಿಳಿ 1, 2, 3, 5, 6. ಈಗ ಬಿಳಿ ಮೂರನ್ನು ಷಡ್ಜವೆಂದು ತಿಳಿದು ಅದೇ ಐದು ಮನೆಗಳ ಮೇಲೆ ಕೈಯಾಡಿಸಿರಿ: 3, 5, 6, 1, 2. ಇದು ಮಾಲಕೌಂಸ, ನಮ್ಮ ಹಿಂದೋಳ! ಬಿಳಿ ಮೂರರ ಮೈನರ್ ಚಕ್ರದಲ್ಲಿ 9ಎ. 8ಬಿಯಿಂದ ಅಲ್ಲಿಗೆ ನೇರ ದಾರಿಯಿಲ್ಲ. ಕಿವಿಗೆ ಮಾತ್ರ ದಾರಿ ತೆರೆದೇ ಇದೆ. ಒಂದು ಎಚ್ಚರಿಕೆ: ಸ್ವರಗಳು ಒಂದೇ ಆದರೂ ಷಡ್ಜಗಳು ಬೇರೆ. ಷಡ್ಜವನ್ನು ಹೊತ್ತಿರುವುದು ಸಾಮಾನ್ಯವಾಗಿ ಕೆಳದನಿಯ ಬೇಸ್. ಆದಕಾರಣ ಬರುವ ಹಾಡಿನ ಬೇಸನ್ನು ಪೂರ್ತಿ ಇಳಿಸಿಟ್ಟು ಮೇಲಿನ ಸ್ವರಗಳನ್ನಷ್ಟೇ ಮೊದಲು ಒಳಗೆ ಬಿಡಬೇಕು. ಎಂಟು ಆವರ್ತಗಳ ಬಳಿಕ ಹೋಗುವ ಹಾಡಿನ ಬೇಸನ್ನು ತಗ್ಗಿಸಿ, ಅದೇ ಪೆಟ್ಟಿನಲ್ಲಿ ಹೊಸದನ್ನು ಏರಿಸಬೇಕು. ಮನೆಯಲ್ಲಿ ಇದನ್ನು ಸಾಧಿಸುವಾಗ ಸದ್ದನ್ನು ತಗ್ಗಿಸಿಯೇ ಇಡಿರಿ. ಚಾಳಿನ ಗೋಡೆಗಳು ತೆಳುವಾದವು.