ಬಿಸಿಲಿನಲ್ಲಿ ಕಾರು ಏಕೆ ನಿಲ್ಲುತ್ತದೆ?

ಒಂದು ಬೇಸಿಗೆಯ ಮಧ್ಯಾಹ್ನ ನಾವು ಮಿತ್ರರೊಬ್ಬರ ಹಳೆಯ ಕಾರಿನಲ್ಲಿ ಗಂಗಾವತಿಯಿಂದ ಕುಷ್ಟಗಿಗೆ ಹೊರಟಿದ್ದೆವು. ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳು ಹಿಂದೆ ಸರಿದವು. ಕನಕಗಿರಿ ದಾಟಿದ ಮೇಲೆ ಎರಡೂ ಕಡೆ ಬರಿಯ ಒಣ ಹೊಲಗಳು. ತಾವರಗೇರಾದಲ್ಲಿ ಚಹಕ್ಕೆಂದು ಹತ್ತು ನಿಮಿಷ ನಿಂತೆವು. ಅಲ್ಲಿಯವರೆಗೆ ಯಾವ ತಂಟೆಯನ್ನೂ ಮಾಡದೆ ಬಂದಿದ್ದ ಕಾರು, ಚಹ ಕುಡಿದು ಹೊರಟು ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಟ್ಯಾಂಕಿನಲ್ಲಿ ಪೆಟ್ರೋಲು ಸಾಕಷ್ಟಿತ್ತು. ಡ್ರೈವರು ಬಾನೆಟ್ಟು ಎತ್ತಿ ನೋಡಿ, “ಏರ್‌ಲಾಕ್ ಆಗೈತ್ರಿ ಸರ್, ಸ್ವಲ್ಪ ತಣ್ಣಗಾಗ್ಲಿ ತಡೀರಿ” ಎಂದು ಹೇಳಿ, ಒಂದು ಅರಿವೆಯನ್ನು ನೀರಿನಲ್ಲಿ ನೆನೆಸಿ ಎಂಜಿನ್ನಿನ ಪಕ್ಕದ ಪೆಟ್ರೋಲ್ ಪಂಪಿಗೆ ಸುತ್ತಿದನು. ಇಪ್ಪತ್ತು ನಿಮಿಷಗಳ ಮೇಲೆ ಕಾರು ಏನೂ ಆಗಿಲ್ಲವೆಂಬಂತೆ ಹೊರಟಿತು.

ಡ್ರೈವರನ ಚಿಕಿತ್ಸೆ ಸರಿಯಾದುದೇ; ರೋಗದ ಹೆಸರು ಮಾತ್ರ ತಪ್ಪು. ಪಂಪಿನೊಳಗೆ ಸೇರಿದ್ದುದು ಗಾಳಿಯಲ್ಲ, ಪೆಟ್ರೋಲಿನದೇ ಆವಿ.

ನೀರಿಗೆ ಇರುವಂತೆ ಪೆಟ್ರೋಲಿಗೆ ಒಂದೇ ಕುದಿಬಿಂದು ಇಲ್ಲ. ಅದು ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಭಾರವಾದವು ಸುಮಾರು 200 ಡಿಗ್ರಿಯವರೆಗೂ ದ್ರವವಾಗಿಯೇ ಇರುತ್ತವೆ. ಆದರೆ ಪೆಂಟೇನ್ ಎಂಬ ಹಗುರವಾದ ಘಟಕ 36 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುತ್ತದೆ. ಇದು ನಮ್ಮ ಮೈಯ ಉಷ್ಣತೆಗಿಂತಲೂ ಒಂದು ಡಿಗ್ರಿ ಕಡಿಮೆ! ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊಪ್ಪಳ ಜಿಲ್ಲೆಯ ನೆರಳಿನ ಉಷ್ಣತೆಯೇ 40ರ ಆಸುಪಾಸಿಗೆ ಏರುತ್ತದೆ. ಬಾನೆಟ್ಟಿನ ಒಳಗಿನ ಮಾತನ್ನು ಹೇಳಬೇಕಾಗಿಯೇ ಇಲ್ಲ.

ಹಳೆಯ ಕಾರುಗಳ ಪಂಪನ್ನು ಎಂಜಿನ್ನಿಗೇ ಬಿಗಿದಿರುತ್ತಿದ್ದರು. ಅದರೊಳಗಿನ ಒಂದು ಪೊರೆ ಮೇಲೆ ಕೆಳಗೆ ಆಡುತ್ತ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವುದೆಂದರೆ ಒತ್ತಡವನ್ನು ತಗ್ಗಿಸುವುದು. ಒತ್ತಡ ತಗ್ಗಿದರೆ ಕುದಿಬಿಂದುವೂ ತಗ್ಗುತ್ತದೆ. ಹೀಗೆ ಬಿಸಿ ಎಲ್ಲಿ ಹೆಚ್ಚೋ ಅಲ್ಲಿಯೇ ಒತ್ತಡವೂ ಕಡಿಮೆಯಾಗಿ, ಪೆಟ್ರೋಲು ಕುದಿಯಲು ಎರಡು ಕಾರಣಗಳು ಒಟ್ಟಿಗೆ ಕೂಡಿಕೊಳ್ಳುತ್ತವೆ. ಒಂದು ಘನ ಸೆಂಟಿಮೀಟರು ದ್ರವ ಪೆಂಟೇನು ಆವಿಯಾದಾಗ ಇನ್ನೂರಕ್ಕೂ ಹೆಚ್ಚು ಘನ ಸೆಂಟಿಮೀಟರು ಸ್ಥಳವನ್ನು ಆಕ್ರಮಿಸುತ್ತದೆ. ಆಗ ಪೊರೆ ಆಡುತ್ತಲೇ ಇರುತ್ತದೆ, ಆದರೆ ಆವಿ ಕುಗ್ಗುತ್ತದೆ, ಹಿಗ್ಗುತ್ತದೆ, ಅಷ್ಟೆ. ದ್ರವ ಮುಂದೆ ಸಾಗುವುದಿಲ್ಲ.

ಹಾಗಾದರೆ ಓಡುವಾಗ ಬಾರದ ತೊಂದರೆ ಚಹ ಕುಡಿದ ಮೇಲೆ ಏಕೆ ಬಂದಿತು? ಓಡುವಾಗ ಬೀಸುವ ಗಾಳಿ ಪಂಪನ್ನು ತಣಿಸುತ್ತಿರುತ್ತದೆ. ಕಾರು ನಿಂತೊಡನೆ ಗಾಳಿಯೂ ನಿಂತಿತು, ಪಂಖವೂ ನಿಂತಿತು. ಆದರೆ ಕಬ್ಬಿಣದ ಎಂಜಿನ್ನಿನಲ್ಲಿ ಶೇಖರವಾಗಿದ್ದ ಉಷ್ಣ ಎಲ್ಲಿಗೂ ಹೋಗಲಿಲ್ಲ, ನಿಧಾನವಾಗಿ ಪಂಪಿಗೂ ಕೊಳವೆಗೂ ಹರಿಯಿತು. ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದಿದ್ದ ಪೆಟ್ರೋಲಿನಿಂದ ಎರಡು ಫರ್ಲಾಂಗು ಓಡಿತು. ಅದು ಮುಗಿದ ಮೇಲೆ ಹಿಂದಿನಿಂದ ಬರುವುದೇನೂ ಇರಲಿಲ್ಲ.

ಇನ್ನು ಒದ್ದೆ ಅರಿವೆಯ ಮಾತು. ಪಂಪಿನ ತೂಕ ಅರ್ಧ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅಲ್ಯುಮಿನಿಯಮ್ಮಿನ ವಿಶಿಷ್ಟೋಷ್ಣ 0.22. ಅದನ್ನು 30 ಡಿಗ್ರಿ ತಣಿಸಲು 500 × 0.22 × 30, ಅಂದರೆ 3300 ಕೆಲೊರಿ ಉಷ್ಣವನ್ನು ತೆಗೆಯಬೇಕು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 570 ಕೆಲೊರಿಯನ್ನು ಒಯ್ಯುತ್ತದೆ. ಹೀಗಾಗಿ ಆರು ಗ್ರಾಂ ನೀರು, ಅಂದರೆ ಒಂದು ಚಮಚಕ್ಕಿಂತ ತುಸು ಹೆಚ್ಚು, ಸಾಕಾಗುತ್ತದೆ! ಎಂಜಿನ್ನು ಮತ್ತೆ ಮತ್ತೆ ಉಷ್ಣವನ್ನು ಕೊಡುತ್ತಿರುವುದರಿಂದ ವಾಸ್ತವದಲ್ಲಿ ಇನ್ನಷ್ಟು ಬೇಕು, ನಿಜ. ಆದರೂ ಮಣ್ಣಿನ ಗಡಿಗೆಯ ನೀರನ್ನು ತಣ್ಣಗಿಡುವ ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಗಾಳಿ ಇಲ್ಲಿಯೂ ನೆರವಾಗುತ್ತದೆ. ಗಂಗಾವತಿಯ ಗದ್ದೆಗಳ ನಡುವೆ, ಗಾಳಿಯಲ್ಲಿ ತೇವವಿದ್ದಾಗ, ಅದೇ ಅರಿವೆ ಇಷ್ಟು ಬೇಗ ಕೆಲಸ ಮಾಡಲಾರದು.

ಇದರಲ್ಲಿ ಕಾರನ್ನು ರೂಪಿಸಿದವರ ತಪ್ಪೇನೂ ಇಲ್ಲ. ನಮ್ಮ ದೇಶದಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್ ಕಾರು ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಆಕ್ಸ್‌ಫರ್ಡಿನಲ್ಲಿ 20 ಡಿಗ್ರಿ ಇರುವ ದಿನ, 90 ಡಿಗ್ರಿಯ ರೇಡಿಯೇಟರಿಗೂ ಹೊರಗಿನ ಗಾಳಿಗೂ ಇರುವ ಅಂತರ 70 ಡಿಗ್ರಿ. ಕೊಪ್ಪಳದಲ್ಲಿ 42 ಡಿಗ್ರಿ ಇರುವ ದಿನ ಆ ಅಂತರ 48 ಮಾತ್ರ. ನ್ಯೂಟನ್ನನ ಶೀತಲೀಕರಣ ನಿಯಮದಂತೆ ಹೊರಹೋಗುವ ಉಷ್ಣ ಈ ಅಂತರವನ್ನು ಅನುಸರಿಸುತ್ತದೆ. ಆದ್ದರಿಂದ ಅದೇ ರೇಡಿಯೇಟರು ಇಲ್ಲಿ ತನ್ನ ಕೆಲಸದ ಮೂರರಲ್ಲಿ ಎರಡು ಪಾಲನ್ನಷ್ಟೇ ಮಾಡಬಲ್ಲುದು.

ಬಿಸಿಯ ಉಪದ್ರವ ವಿದ್ಯುತ್ತಿನ ಕಡೆಗೂ ಉಂಟು. ಹಳೆಯ ಕಾರಿನಲ್ಲಿ ಕಿಡಿಯನ್ನು ಹುಟ್ಟಿಸುವ ಸುರುಳಿಯ ರೋಧ, 20 ಡಿಗ್ರಿಯಲ್ಲಿ, 3 ಓಮ್ ಎಂದು ಭಾವಿಸೋಣ. ಬ್ಯಾಟರಿ 12 ವೋಲ್ಟಿನದಾದರೆ 4 ಆಂಪಿಯರು ಪ್ರವಾಹ ಹರಿಯುತ್ತದೆ. ತಾಮ್ರದ ರೋಧ ಡಿಗ್ರಿಗೆ ಶೇಕಡಾ 0.39ರಷ್ಟು ಹೆಚ್ಚುತ್ತದೆ. ಸುರುಳಿ 90 ಡಿಗ್ರಿಗೆ ಕಾದರೆ ರೋಧ 3.8 ಓಮ್ ಆಗಿ, ಪ್ರವಾಹ 3.15 ಆಂಪಿಯರಿಗೆ ಇಳಿಯುತ್ತದೆ. ಇಷ್ಟೇ ತಾನೆ ಎನ್ನಬಾರದು: ಸುರುಳಿಯಲ್ಲಿ ಶೇಖರವಾಗುವ ಶಕ್ತಿ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ, ಕಿಡಿಗೆ ದೊರೆಯುವ ಶಕ್ತಿ ಶೇಕಡಾ 62ಕ್ಕೆ ಕುಸಿಯುತ್ತದೆ. ಎಂಜಿನ್ನನ್ನು ತಿರುಗಿಸುವಾಗ ಸ್ಟಾರ್ಟರು ಬ್ಯಾಟರಿಯ ವೋಲ್ಟೇಜನ್ನೇ ತಗ್ಗಿಸುತ್ತದೆಯಾಗಿ, ಬಿಸಿ ಎಂಜಿನ್ನು ಹೊತ್ತದಿರುವುದಕ್ಕೆ ಇದೂ ಒಂದು ಕಾರಣವಾಗಬಹುದು. ಪೆಟ್ರೋಲಿನ ದೋಷವೋ ಕಿಡಿಯ ದೋಷವೋ ಎಂಬುದನ್ನು ಅನುಭವಿ ಮೆಕ್ಯಾನಿಕ್ಕುಗಳು ಕಿಡಿಯ ಬಣ್ಣದಿಂದ ತಿಳಿಯುತ್ತಾರೆ: ನೀಲಿಯಾಗಿ ಚಟಪಟಿಸಿದರೆ ಸುರುಳಿ ಗಟ್ಟಿ, ತೆಳ್ಳಗೆ ಹಳದಿಯಾಗಿದ್ದರೆ ದುರ್ಬಲ. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಲು ಹೋಗಬಾರದು. ಅಲ್ಲಿರುವುದು ಸಾವಿರಾರು ವೋಲ್ಟು, ಸಮೀಪದಲ್ಲಿರುವುದು ಪೆಟ್ರೋಲಿನ ಆವಿ.

ಈಗಿನ ಕಾರುಗಳಲ್ಲಿ ಈ ಎರಡು ಕಷ್ಟಗಳೂ ಬಹುಮಟ್ಟಿಗೆ ನೀಗಿವೆ. ಪಂಪು ಟ್ಯಾಂಕಿನೊಳಗೇ ಮುಳುಗಿದ್ದು, ಪೆಟ್ರೋಲನ್ನು ಹೀರುವ ಬದಲು ಮೂರು ನಾಲ್ಕು ವಾಯುಮಂಡಲಗಳ ಒತ್ತಡದಿಂದ ಮುಂದಕ್ಕೆ ನೂಕುತ್ತದೆ. ಒತ್ತಡ ಹೆಚ್ಚಿರುವಲ್ಲಿ ಕುದಿತ ಸುಲಭವಲ್ಲ. ಆದರೆ ಬಿಸಿ ಬೇರೆ ಬಾಗಿಲನ್ನು ಹುಡುಕಿಕೊಂಡಿದೆ. 2013ರ ನವೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ, ಏಳು ಗೇರುಗಳ ಸ್ವಯಂಚಾಲಿತ ಗೇರುಪೆಟ್ಟಿಗೆಯುಳ್ಳ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿ ಎಣ್ಣೆ ಬದಲಾಯಿಸಿತು. ಬಿಸಿಯೂ ತೇವವೂ ಕೂಡಿದ ಹವೆಯಲ್ಲಿ, ನಿಂತು ನಿಂತು ಸಾಗುವ ಸಂಚಾರದಲ್ಲಿ, ಅದರ ಕೃತಕ ಎಣ್ಣೆಯಿಂದ ಗೇರುಪೆಟ್ಟಿಗೆಯ ವಿದ್ಯುತ್ ಸರಬರಾಜು ಕೆಡುವ ಸಂಭವವಿತ್ತು. ಅದರ ಬದಲಿಗೆ ಹಾಕಿದ್ದು ಹಳೆಯ ಬಗೆಯ ಖನಿಜ ಎಣ್ಣೆ! ಯಾಂತ್ರಿಕ ದೋಷ ಯಾವುದು, ವಿದ್ಯುತ್ತಿನ ದೋಷ ಯಾವುದು ಎಂದು ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

ಹಳೆಯ ಕಾರಿಗೂ ಹೊಸ ಕಾರಿಗೂ ಸಮಾನವಾಗಿ ಉಳಿದಿರುವುದು ರೇಡಿಯೇಟರು. ಇಲ್ಲಿ ನಮ್ಮ ಸೀಮೆಯ ನೀರಿನದೇ ಒಂದು ಕಥೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚೆಂಬುದು ಎಲ್ಲರೂ ಬಲ್ಲ ಸಂಗತಿ. ಹಲ್ಲಿಗೆ ಅದು ಶತ್ರು. ರೇಡಿಯೇಟರಿಗೆ ಶತ್ರುಗಳೆಂದರೆ ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹೊಪ್ಪಳೆಯನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ: ಕಾದಾಗ ಕರಗಿದ ಬೈಕಾರ್ಬೊನೇಟು ಕರಗದ ಕಾರ್ಬೊನೇಟಾಗಿ ಗೋಡೆಗೆ ಅಂಟುತ್ತದೆ. ಈ ಪದರವು ಹಿತ್ತಾಳೆಗಿಂತ ಹಲವು ಹತ್ತು ಪಟ್ಟು ಕಡಿಮೆ ಉಷ್ಣವಾಹಕ. ಜೊತೆಗೆ ಕಿರಿದಾದ ಕೊಳವೆಗಳನ್ನೇ ಮುಚ್ಚುತ್ತದೆ. ದಾರಿಯಲ್ಲಿ ಕಾರು ಕುದಿದಾಗಲೆಲ್ಲ ಹತ್ತಿರದ ಬೋರಿನ ನೀರನ್ನು ತುಂಬಿಸಿದರೆ, ಮುಂದಿನ ಬೇಸಿಗೆಗೆ ಅದು ಇನ್ನೂ ಬೇಗ ಕುದಿಯುತ್ತದೆ. ಕಂಪನಿ ಹೇಳಿದ ಶೀತಕ ದ್ರವವನ್ನು ಬಟ್ಟಿ ಇಳಿಸಿದ ನೀರಿನೊಡನೆ ಬೆರೆಸಿ ಹಾಕುವುದೇ ಸರಿ. ಅಡವಿಯಲ್ಲಿ ಬೋರಿನ ನೀರೇ ಗತಿಯಾದರೆ ಹಾಕಲೇಬೇಕು, ಆದರೆ ಊರು ಸೇರಿದ ಮೇಲೆ ಅದನ್ನು ಬಸಿದು ತೆಗೆಸಬೇಕು.

ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ತೆರೆದು ಮುಖ, ಕೈ ಸುಟ್ಟುಕೊಳ್ಳುವವರು ಪ್ರತಿ ಬೇಸಿಗೆಯಲ್ಲೂ ಇದ್ದೇ ಇರುತ್ತಾರೆ. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಎತ್ತರದಲ್ಲಿರುವ ಕೊಪ್ಪಳದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಯಲ್ಲಿ ಕುದಿಯುತ್ತದೆ. ಹಳೆಯ ಕಾರಿನ ಮುಚ್ಚಳ ಅರ್ಧ ವಾಯುಮಂಡಲದಷ್ಟು ಹೆಚ್ಚಿನ ಒತ್ತಡವನ್ನು ತಡೆದರೂ ಒಳಗಿನ ನೀರು 110 ಡಿಗ್ರಿಯವರೆಗೆ ಕುದಿಯದೆ ಕಾಯಬಲ್ಲುದು. ಮುಚ್ಚಳ ತೆರೆದ ಗಳಿಗೆಯಲ್ಲಿಯೇ ಅದು 98ಕ್ಕೆ ಇಳಿಯಬೇಕು. ಲೀಟರಿಗೆ 12,000 ಕೆಲೊರಿ ಹೆಚ್ಚಾಯಿತು. ಒಂದು ಗ್ರಾಂ ಆವಿಗೆ 540 ಕೆಲೊರಿಯಂತೆ 22 ಗ್ರಾಂ ನೀರು ಕ್ಷಣದಲ್ಲಿ ಆವಿಯಾಗುತ್ತದೆ, ಅಂದರೆ ಸುಮಾರು 37 ಲೀಟರು ಆವಿ. ಎಂಟು ಲೀಟರು ನೀರಿದ್ದರೆ ಮುನ್ನೂರು ಲೀಟರು, ಒಂದೂವರೆ ಪೀಪಾಯಿ! ಅದು ಮುಂಗೈ ಅಗಲವೂ ಇಲ್ಲದ ಬಾಯಿಯಿಂದ, ಕುದಿನೀರನ್ನೂ ಹೊತ್ತುಕೊಂಡು, ಬಗ್ಗಿ ನೋಡುತ್ತಿರುವವನ ಮುಖದ ಕಡೆಗೆ ಬರುತ್ತದೆ. ಈಗಿನ ಕಾರುಗಳಲ್ಲಿ ಒತ್ತಡ ಇನ್ನೂ ಹೆಚ್ಚು.

ಎಂಜಿನ್ನನ್ನು ನಿಲ್ಲಿಸಿ, ಬಾನೆಟ್ಟು ಎತ್ತಿ, ಕನಿಷ್ಠ ಅರ್ಧ ಗಂಟೆ ಕಾಯಬೇಕು. ಬಿಸಿ ಎಂಜಿನ್ನಿನ ಮೇಲೆ ತಣ್ಣೀರನ್ನು ಸುರಿಯಬಾರದು. ಎರಕದ ಕಬ್ಬಿಣ ಬಿರುಕು ಬಿಟ್ಟೀತು. ಮೇಲಿನ ರಬ್ಬರು ಕೊಳವೆಯನ್ನು ಒತ್ತಿ ನೋಡಿದಾಗ ಅದು ಮೆತ್ತಗಾಗಿದ್ದರೆ ಒಳಗಿನ ಒತ್ತಡ ಇಳಿದಿದೆ ಎಂದರ್ಥ. ಆಗ ದಪ್ಪನೆಯ ಬಟ್ಟೆಯನ್ನು ಮುಚ್ಚಳದ ಮೇಲೆ ಹಾಕಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಮೊದಲು ಸ್ವಲ್ಪ ಮಾತ್ರ ತಿರುವಿ, ಸುಯ್ ಎಂಬ ಸದ್ದು ಪೂರ್ತಿ ನಿಂತ ಮೇಲೆ ಮುಚ್ಚಳವನ್ನು ಎತ್ತಬೇಕು.