ಅಣುವಿನ ತೂಕದಿಂದ ಔಷಧದ ರಚನೆ

ರೋಗಾಣುಗಳನ್ನು ಕೊಲ್ಲುವ ವಸ್ತುವೊಂದು ಬೂಷ್ಟಿನಲ್ಲಿ ದೊರೆತ ಮಾತ್ರಕ್ಕೆ ಅದು ಹೊಸ ಔಷಧವೆನಿಸದು. ಹಿಂದೆಯೇ ಗೊತ್ತಿದ್ದ ವಸ್ತುವೂ ಆಗಿರಬಹುದು. ಅದರ ಅಣುವಿನಲ್ಲಿ ಯಾವ ಘಟಕಗಳು ಯಾವ ಕ್ರಮದಲ್ಲಿ ಕೂಡಿವೆ ಎಂಬುದು ತಿಳಿದ ಮೇಲೆಯೇ ಈ ಪ್ರಶ್ನೆ ತೀರುವುದು. ಈ ಕಾರ್ಯಕ್ಕೆ ನೆರವಾಗುವ ಉಪಕರಣವೇ ಮಾಸ್ ಸ್ಪೆಕ್ಟ್ರೋಮೀಟರು.

ಇದು ಅಣುಗಳನ್ನು ತೂಗುವ ತಕ್ಕಡಿಯೆನ್ನಬಹುದು. ಅಣುಗಳಿಗೆ ವಿದ್ಯುದಾವೇಶವನ್ನು ಕೊಟ್ಟು ನಿರ್ವಾತದಲ್ಲಿ ಓಡಿಸುತ್ತಾರೆ. ದಾರಿಯಲ್ಲಿ ಅಯಸ್ಕಾಂತವನ್ನಿಟ್ಟರೆ, ಆವೇಶ ಸಮನಾಗಿದ್ದಾಗ, ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ. ಬಾಗಿದ ಪ್ರಮಾಣದಿಂದ ತೂಕವು ತಿಳಿಯುತ್ತದೆ. ಕೆಲವು ಅಣುಗಳು ಒಡೆದು ಚೂರಾಗುವುದೂ ಉಂಟು, ಅದೇ ಲಾಭ. ಅಮೈನೋ ಆಮ್ಲಗಳ ಸರಪಳಿಯು ಮಣಿಸರದಂತಿದ್ದು, ಒಂದೊಂದೇ ಮಣಿ ಕಳಚಿದ ತುಂಡುಗಳು ದೊರೆಯುತ್ತವೆ. ಎರಡು ತುಂಡುಗಳ ಅಂತರ 57 ಆದರೆ ಕಳಚಿದ ಮಣಿ ಗ್ಲೈಸಿನ್. 128 ಆದರೆ ಗ್ಲುಟಮಿನ್ ಇರಬಹುದು. ಒಡೆದ ಶಾಸನದ ತುಂಡುಗಳನ್ನು ಕೂಡಿಸಿ ಓದುವ ಇತಿಹಾಸಕಾರನ ಕೆಲಸಕ್ಕೂ ಇದಕ್ಕೂ ಸಾಮ್ಯವಿದೆ.

ನಮ್ಮವರದೇ ಒಂದು ಉದಾಹರಣೆಯನ್ನು ನೋಡೋಣ. ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಅವರು ಪುಣೆಯ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಒಂದು ಬೂಷ್ಟಿನಿಂದ ಆ್ಯಂಟಿಅಮೀಬಿನ್ ಎಂಬ ಪ್ರತಿಜೈವಿಕವನ್ನು ಕಂಡುಹಿಡಿದು 1968ರಲ್ಲಿ ಪ್ರಕಟಿಸಿದರು. ಅದು ಅಮೀಬಾಗಳನ್ನೂ ಕರುಳಿನ ಹುಳುಗಳನ್ನೂ ಕೊಲ್ಲಬಲ್ಲದು. ಅದರ ರಚನೆಯನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೈನ್‌ಹಾರ್ಟ್, ಪಾಂಡೆ ಮೊದಲಾದವರು 1977ರಲ್ಲಿ ಈ ಉಪಕರಣದಿಂದಲೇ ಬಿಡಿಸಿದರು. ಸುಮಾರು 1670 ತೂಕದ ಆ ಅಣುವಿನಲ್ಲಿ 16 ಮಣಿಗಳಿವೆ.

ಆದರೆ ತಕ್ಕಡಿ ಎಲ್ಲವನ್ನೂ ಹೇಳದು. ಈ ಸರದಲ್ಲಿರುವ ಲ್ಯೂಸಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಎರಡರ ತೂಕವೂ ಸುಮಾರು 113. ಸೂಕ್ಷ್ಮವಾಗಿ ತೂಗಿದಾಗ ಮಾತ್ರ ಒಂದು 113.08, ಇನ್ನೊಂದು 113.05 ಎಂದು ತಿಳಿಯುವುದು. ಇದರಲ್ಲಿರುವ ಐಸೊವ್ಯಾಲಿನ್‌ಗೂ ಸಾಮಾನ್ಯವಾದ ವ್ಯಾಲಿನ್‌ಗೂ ತೂಕದಲ್ಲಿ ಭೇದವೇ ಇಲ್ಲ. ಆದ್ದರಿಂದ ತುಂಡುಗಳನ್ನು ಅನಿಲ ಕ್ರೊಮ್ಯಾಟೋಗ್ರಫಿಯಿಂದ ಮೊದಲೇ ಬೇರ್ಪಡಿಸಬೇಕಾಗುತ್ತದೆ. ಇನ್ನು ಅಣುವಿನ ಆಕಾರವನ್ನು ತೋರಿಸಲು ಎಕ್ಸ್‌-ಕಿರಣಗಳು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಅವರು ಇಸಬೆಲ್ಲಾ ಕಾರ್ಲ್ ಮೊದಲಾದವರೊಡನೆ ಆ್ಯಂಟಿಅಮೀಬಿನ್ ಹರಳಿನ ರಚನೆಯನ್ನು 1998ರಲ್ಲಿ ಪ್ರಕಟಿಸಿದರು.

ಹಳೆಯ ಔಷಧಗಳಿಗೆ ರೋಗಾಣುಗಳು ಬಗ್ಗದಿರುವ ಈ ಕಾಲದಲ್ಲಿ ಹೊಸ ಪ್ರತಿಜೈವಿಕಗಳು ಅವಶ್ಯವಾಗಿವೆ. ಹುಡುಕಲು ನಮ್ಮ ಮಲಪ್ರಭೆಯ ದಡದ ಮಣ್ಣಿನಲ್ಲಿಯೂ ಬೂಷ್ಟುಗಳಿಗೆ ಕೊರತೆಯಿಲ್ಲ. ಸಿಕ್ಕಿದ್ದು ಯಾವುದೆಂದು ಗುರುತಿಸುವ ವಿದ್ಯೆ ಮಾತ್ರ ನಮ್ಮ ತರುಣರಿಗೆ ಕೈವಶವಾಗಬೇಕು.